ಕಾಡೋತಿಗೊಂದು ಹೆಸರು

ಕಿತ್ತೂರು ರಾಣಿ ಚೆನ್ನಮ್ಮನ ಕಡೆಯವರು 1824ರಲ್ಲಿ ಸೆರೆಹಿಡಿದ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಧಾರವಾಡದ ಸೀಮೆಯಲ್ಲಿ ಕೆಲಸ ಮಾಡುತ್ತಲೇ ಆತ ನೂರಾರು ಕನ್ನಡ ಶಾಸನಗಳ ನಕಲು ಮಾಡಿಸಿದ. ಪ್ರಾಣಿಗಳ ಮೇಲೂ ಅವನಿಗೆ ಅಷ್ಟೇ ಪ್ರೀತಿ. ಈ ಭಾಗದ ಸಸ್ತನಿಗಳ ಪಟ್ಟಿಯೊಂದನ್ನು 1839ರಲ್ಲಿ ಪ್ರಕಟಿಸಿದ್ದ. 1864ರಲ್ಲಿ ಲಂಡನ್ನಿನ ಆಲ್ಬರ್ಟ್ ಗುಂತರ್ ಪಶ್ಚಿಮ ಘಟ್ಟದ ಸಣ್ಣ ಕಾಡೋತಿಯೊಂದಕ್ಕೆ ಇವನ ಹೆಸರನ್ನೇ ಇಟ್ಟು ‘ಕ್ಯಾಲೋಟಿಸ್ ಎಲಿಯೋಟಿ’ ಎಂದು ಕರೆದ.

ಇದರ ಹತ್ತಿರದ ನೆಂಟನಿಗೆ ಪ್ಯಾರಿಸ್ಸಿನ ದ್ಯುಮೆರಿಲ್ ಮತ್ತು ಬಿಬ್ರೋಂ 1837ರಲ್ಲೇ ‘ಕ್ಯಾಲೋಟಿಸ್ ರೂಕ್ಸಿ’ ಎಂದು ಹೆಸರಿಟ್ಟಿದ್ದರು. ‘ಕರ್ವಾಲೊ’ ಕಾದಂಬರಿ ಓದಿದವರಿಗೆಲ್ಲ ಗೊತ್ತಿರುವ ಹಾರುವ ಓತಿಗೆ ಅದೇ ವರ್ಷ ವೈಜ್ಞಾನಿಕ ಹೆಸರು ಕೊಟ್ಟವರೂ ಇವರೇ. ಹೀಗೆ ಎಲಿಯೋಟಿ, ರೂಕ್ಸಿ ಎಂಬ ನಮ್ಮ ಕಾಡಿನ ಎರಡು ಓತಿಗಳು ಬೇಲಿಯ ಮೇಲಿನ ಓತಿಕ್ಯಾತದ ‘ಕ್ಯಾಲೋಟಿಸ್’ ಕುಲಕ್ಕೇ ಸೇರಿಕೊಂಡು ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಉಳಿದವು.

2018ರಲ್ಲಿ ಈ ವಂಶಾವಳಿಯೇ ಬದಲಾಯಿತು. ಸೌನಕ್ ಪಾಲ್ ಮೊದಲ ಲೇಖಕರಾಗಿದ್ದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಶಂಕರ್ ಅವರೂ ಇದ್ದ ತಂಡವೊಂದು ಘಟ್ಟದ ಓತಿಗಳ ಡಿಎನ್‌ಎ ಹೋಲಿಸಿ ನೋಡಿತು. ರೂಕ್ಸಿ, ಎಲಿಯೋಟಿ ಎರಡೂ ಬೇಲಿಯ ಓತಿಕ್ಯಾತದ ಕವಲಿನಲ್ಲಿ ಇರಲೇ ಇಲ್ಲ. ಅವಕ್ಕಾಗಿ ‘ಮೋನಿಲೆಸಾರಸ್’ ಎಂಬ ಹೊಸ ಕುಲ ಬಂತು. ಅದೇ ಕುಲದಲ್ಲಿ ಎರಡು ಹೊಸ ಪ್ರಭೇದಗಳೂ ಸಿಕ್ಕವು: ತಲೆಯ ಮೇಲೆ ಮುಳ್ಳುಗಳಿರುವ ಅಕಾಂಥೋಸೆಫಾಲಸ್, ಎತ್ತರದ ಬೆಟ್ಟಗಳ ಮೊಂಟಾನಸ್. 2008ರಲ್ಲಿ ತಮಿಳುನಾಡಿನ ದಕ್ಷಿಣ ತುದಿಯ ಕಾಡಿನಿಂದ ವರ್ಣನೆಯಾಗಿದ್ದ ಕಿತ್ತಳೆ ತುಟಿಯ ಓತಿಗೆ ‘ಮೈಕ್ರೋಆರಿಸ್’ ಎಂಬ ಪ್ರತ್ಯೇಕ ಕುಲವೇ ಬೇಕಾಯಿತು.

ಡಿಎನ್‌ಎ ಬೇರೆ ಎಂದು ತೋರಿಸಿದ ಮಾತ್ರಕ್ಕೆ ಹೊಸ ಪ್ರಭೇದ ಆಗಿಬಿಡುವುದಿಲ್ಲ. ನಿಜವಾದ ಶ್ರಮ ಇರುವುದು ಅದರಾಚೆಗೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ರಾತ್ರಿ ಟಾರ್ಚ್ ಹಿಡಿದು ಕಾಡು ಸುತ್ತಬೇಕು. ಹಗಲಲ್ಲಿ ಕಣ್ಣು ತಪ್ಪಿಸುವ ಕಾಡೋತಿಗಳು ರಾತ್ರಿ ತೆಳು ಕೊಂಬೆಯ ಮೇಲೆ ಮಲಗಿರುತ್ತವೆ, ಬೆಳಕು ಬಿದ್ದರೆ ಕಾಣುತ್ತವೆ. ಹಿಡಿದ ಮಾದರಿಯನ್ನು ಆಲ್ಕೋಹಾಲಿನಲ್ಲಿ ಇಟ್ಟರೆ ಸಂತಾನಕಾಲದ ಗಂಡಿನ ಕೆಂಪು ಮಾಸಿಹೋಗುತ್ತದೆ. ಹಾಗಾಗಿ ಬಣ್ಣವೊಂದನ್ನೇ ನೆಚ್ಚಿಕೊಂಡರೆ ಆಗದು. ಮಾಸದೆ ಉಳಿಯುವುದು ಹುರುಪೆ. ಮೈಯ ನಡುಭಾಗದ ಸುತ್ತ ಎಷ್ಟು ಹುರುಪೆಗಳಿವೆ, ಪಕ್ಕೆಯ ಹುರುಪೆಗಳ ತುದಿ ಮೇಲಕ್ಕೆ ವಾಲಿದೆಯೋ ಕೆಳಕ್ಕೋ, ಕಿವಿತಮಟೆಯ ಅಗಲವೆಷ್ಟು, ಅದರ ಮೇಲೆ ಮುಳ್ಳು ಎಲ್ಲೆಲ್ಲಿವೆ, ಭುಜದ ಮುಂದೆ ಚರ್ಮದ ಮಡಿಕೆ ಇದೆಯೇ ಎಂದು ಸೂಕ್ಷ್ಮದರ್ಶಕದಡಿ ಒಂದೊಂದನ್ನೂ ಎಣಿಸಿ, ಅಳೆದು ಬರೆಯಬೇಕು. ಆಮೇಲೆ ಹಳೆಯ ಹೆಸರುಗಳ ಮೂಲ ಮಾದರಿಗಳ ಜೊತೆ ಹೋಲಿಕೆ. ಈ ತಾಳ್ಮೆಯ ಕೆಲಸಕ್ಕೆ ಸುದ್ದಿಪತ್ರಿಕೆಗಳಲ್ಲಿ ಒಂದು ಸಾಲೂ ಸಿಗುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಕೊನೆಗೆ ಒಂದು ಮಾದರಿಯನ್ನು ‘ಹೋಲೋಟೈಪ್’ ಎಂದು ಆರಿಸಿ ಸಂಗ್ರಹಾಲಯದಲ್ಲಿ ಇಡುತ್ತಾರೆ. ಹೆಸರು ಅಂಟಿಕೊಂಡಿರುವುದು ಆ ಒಂದು ದೇಹಕ್ಕೆ. ಶಾಸನದ ನಕಲಿನಲ್ಲಿ ಅನುಮಾನ ಬಂದಾಗ ಕಲ್ಲಿನ ಬಳಿಗೇ ಹೋಗುವಂತೆ, ಹೆಸರಿನ ಬಗ್ಗೆ ಅನುಮಾನ ಬಂದಾಗ ಈ ಮಾದರಿಯ ಬಳಿಗೇ ಹೋಗಬೇಕು.

ಆ ಮಾದರಿಯೇ ಕಳೆದುಹೋದರೆ? ನಮ್ಮ ಹಿತ್ತಲಿನ ಓತಿಕ್ಯಾತಕ್ಕೆ ಆದದ್ದು ಅದೇ. ಫ್ರಾನ್ಸಿನ ದೋದಾಂ 1802ರಲ್ಲಿ ಅದಕ್ಕೆ ‘ವರ್ಸಿಕಲರ್’ ಎಂದು ಹೆಸರಿಟ್ಟ. ಅವನು ನೋಡಿದ ಮಾದರಿ ಉಳಿಯಲಿಲ್ಲ. 2016ರಲ್ಲಿ ಸಂಶೋಧಕರು ಅದರ ಬದಲಿಗೆ ಇನ್ನೊಂದು ಮಾದರಿಯನ್ನು, ಅಂದರೆ ‘ನಿಯೋಟೈಪ್’ ಅನ್ನು ಗೊತ್ತುಮಾಡಿದರು. ಬುಡ ಗಟ್ಟಿಯಾದ ಮೇಲೆ 2021ರಲ್ಲಿ ಇನ್ನೊಂದು ಅಧ್ಯಯನ ದಕ್ಷಿಣ ಏಷ್ಯಾದ ಉದ್ದಗಲಕ್ಕೂ ಒಂದೇ ಎಂದುಕೊಂಡಿದ್ದ ಈ ಓತಿ ನಿಜದಲ್ಲಿ ನಾಲ್ಕು ಪ್ರಭೇದ ಎಂದು ತೋರಿಸಿತು. ದಕ್ಷಿಣ ಭಾರತದ್ದಕ್ಕೆ ವರ್ಸಿಕಲರ್ ಎಂಬ ಹಳೆಯ ಹೆಸರೇ ಉಳಿಯಿತು. ಇನ್ನೊಂದಕ್ಕೆ 1825ರಲ್ಲೇ ಇಟ್ಟು ಎಲ್ಲರೂ ಕೈಬಿಟ್ಟಿದ್ದ ‘ವಲ್ಟುಯೋಸಸ್’ ಎಂಬ ಹೆಸರನ್ನು ಮತ್ತೆ ಎತ್ತಿಕೊಂಡರು. ಹಳೆಯ ಹೆಸರು ಸರಿಹೊಂದಿದರೆ ಹೊಸದನ್ನು ಇಡುವಂತಿಲ್ಲ ಎಂಬುದು ನಿಯಮ.

ಹೆಸರಿಲ್ಲದ ಪ್ರಾಣಿಯನ್ನು ಉಳಿಸಿಕೊಳ್ಳುವುದು ಕಷ್ಟ. ಘಟ್ಟದುದ್ದಕ್ಕೂ ಇದೆ ಎಂದುಕೊಂಡ ಓತಿಯಲ್ಲಿ ಒಂದು ಬಳಗ ಪ್ರತ್ಯೇಕ ಪ್ರಭೇದ ಎಂದು ತಿಳಿದ ದಿನ, ಅದರ ನೆಲೆ ಕೆಲವೇ ಬೆಟ್ಟಗಳಿಗೆ ಇಳಿಯುತ್ತದೆ. ಆ ಬೆಟ್ಟದ ಶೋಲಾ ಕಾಡಿಗೆ ರಸ್ತೆಯೋ ತೋಟವೋ ಬಂದರೆ ಏನಾಗುತ್ತದೆ ಎಂಬ ಲೆಕ್ಕವೇ ಆಗ ಬೇರೆ.

ಮಲೆನಾಡಿನ ತೋಟಗಳಲ್ಲಿ ಓಡಾಡುವವರು ಓತಿಯ ಫೋಟೊ ತೆಗೆಯುವುದಾದರೆ ದಯವಿಟ್ಟು ಪಕ್ಕದಿಂದ ತೆಗೆಯಿರಿ. ಕಿವಿಯ ಮೇಲಿನ ಮುಳ್ಳು, ಭುಜದ ಮುಂಭಾಗ, ಪಕ್ಕೆಯ ಹುರುಪೆ ಮೂರೂ ಕಾಣಬೇಕು. ಬೇಲಿಯ ಓತಿಕ್ಯಾತಕ್ಕೆ ಕಿವಿತಮಟೆಯ ಮೇಲೆ ಬಿಡಿಯಾದ ಎರಡು ಮುಳ್ಳುಗುಂಪು ಇರುತ್ತವೆ, ಪಕ್ಕೆಯ ಹುರುಪೆಗಳು ಹಿಂದಕ್ಕೆ ಮತ್ತು ಮೇಲಕ್ಕೆ ವಾಲಿರುತ್ತವೆ, ಭುಜದ ಮುಂದೆ ಮಡಿಕೆ ಇರುವುದಿಲ್ಲ. ಮಡಿಕೆ ಇದ್ದರೆ ನಿಮ್ಮೆದುರು ಇರುವುದು ಕಾಡೋತಿ ಆಗಿರಬಹುದು. ಊರಿನ ಹೆಸರು, ತಾರೀಖು ಬರೆದಿಡಿ, ಹಿಡಿಯಲು ಮಾತ್ರ ಹೋಗಬೇಡಿ.