ಪಾಠ ನೋಡುವ ಕಣ್ಣು

ಪ್ರಶಿಕ್ಷಣಾರ್ಥಿ ಪಾಠ ಮಾಡುತ್ತಿರುವಾಗ ಹಿಂದಿನ ಬೆಂಚಿನಲ್ಲಿ ಅಂಕಪಟ್ಟಿ ಹಿಡಿದು ಕುಳಿತ ಮೇಲ್ವಿಚಾರಕರು ನೋಡಬೇಕಾದುದು ಏನನ್ನು? ಶಿಕ್ಷಕರನ್ನು ಸಿದ್ಧಪಡಿಸುವ ಕಾರ್ಯದಲ್ಲಿ ಇದು ಸಣ್ಣ ಪ್ರಶ್ನೆಯಲ್ಲ.

ತರಬೇತಿ ಸಂಸ್ಥೆಗಳು ಶಾಲೆಗಳ ನಿತ್ಯದ ಸಮಸ್ಯೆಗಳಿಂದ ದೂರ ಉಳಿದಿವೆಯೆಂದು ಕೊಠಾರಿ ಆಯೋಗವು 1966ರಲ್ಲಿಯೇ ಹೇಳಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಹುಟ್ಟಿದವು, ಚಿತ್ರದುರ್ಗದಲ್ಲಿಯೂ ಅಂಥದೊಂದಿದೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯು ಬಿ.ಎಡ್. ವ್ಯಾಸಂಗವನ್ನು ಎರಡು ವರ್ಷಕ್ಕೆ ಏರಿಸಿ, ಅದರಲ್ಲಿ 20 ವಾರಗಳನ್ನು ಶಾಲಾನುಭವಕ್ಕೆ ಮೀಸಲಿಟ್ಟಿತು. ಅವಧಿಯೇನೋ ಬೆಳೆಯಿತು, ಆದರೆ ಅವಧಿ ಬೆಳೆದ ಮಾತ್ರಕ್ಕೆ ನೋಟವೂ ಬೆಳೆಯುವುದೆಂಬ ನೆಚ್ಚಿಕೆಯಿಲ್ಲ.

ಹಿರಿಯೂರು ತಾಲ್ಲೂಕಿನ ಒಂದು ಶಾಲೆಯನ್ನು ಕಲ್ಪಿಸಿಕೊಳ್ಳೋಣ. ವೇದಾವತಿಗೆ ಅಡ್ಡಲಾಗಿ ಕಟ್ಟಿದ, 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವೇ ಅಂದಿನ ಪಾಠ. ನಕ್ಷೆ ಅಂದವಾಗಿದೆ, ಪಾಠಟಿಪ್ಪಣಿ ಅಚ್ಚುಕಟ್ಟಾಗಿದೆ, ಮಕ್ಕಳು ಒಕ್ಕೊರಲಿನಿಂದ ಉತ್ತರಿಸುತ್ತಾರೆ. ಅಷ್ಟರಲ್ಲಿ ಹುಡುಗಿಯೊಬ್ಬಳು ಎದ್ದು, "ಸಾರ್, ನಮ್ಮ ಹೊಲಕ್ಕೆ ಆ ನೀರು ಯಾಕೆ ಬರಲಿಲ್ಲ?" ಎಂದು ಕೇಳುತ್ತಾಳೆ. ಪ್ರಶಿಕ್ಷಣಾರ್ಥಿ ಮೇಲ್ವಿಚಾರಕರತ್ತ ಕಳ್ಳನೋಟ ಬೀರಿ, "ಅದು ಆಮೇಲೆ, ಕೂತ್ಕೊ" ಎನ್ನುತ್ತಾನೆ. ಪಾಠ ಗಂಟೆಗೆ ಸರಿಯಾಗಿ ಮುಗಿಯುತ್ತದೆ. ಪಟ್ಟಿಯ ಪ್ರಕಾರ ಅಂಕಗಳಿಗೆ ಕೊರತೆಯಿಲ್ಲ. ಆದರೆ ಆ ತರಗತಿಯಲ್ಲಿ ಕಲಿಕೆ ಆರಂಭವಾಗಬೇಕಾಗಿದ್ದ ಕ್ಷಣ ಯಾವುದೋ ಅದೇ ಕೈತಪ್ಪಿತು.

ಬಲ್ಲ ಮೇಲ್ವಿಚಾರಕರು ಇಲ್ಲಿ ಅಂಕ ಕತ್ತರಿಸಿ ಎದ್ದು ಹೋಗುವುದಿಲ್ಲ. ಮಕ್ಕಳ ಮುಂದೆ ತಿದ್ದುವುದೂ ಇಲ್ಲ. ಗುರುವಿನ ಮಾನ ಒಮ್ಮೆ ಹೋದರೆ ನಾಳಿನ ಪಾಠವೂ ಹೋದಂತೆಯೇ. ಪಾಠವಾದ ಮೇಲೆ ಮರದ ನೆರಳಿಗೆ ಕರೆದು, "ಆ ಮಗು ಕೇಳಿದ್ದೇನು?" ಎಂದು ವಿಚಾರಿಸುತ್ತಾರೆ. ಮಾರನೆಯ ದಿನ ಆತ ಕಪ್ಪುಹಲಗೆಯ ಮೇಲೆ ಕಾಲುವೆಯನ್ನೂ ಅದಕ್ಕಿಂತ ಎತ್ತರದಲ್ಲಿರುವ ಹೊಲವನ್ನೂ ಬರೆದು, ನೀರು ತಾನಾಗಿ ಮೇಲಕ್ಕೆ ಹರಿಯದೆಂಬುದನ್ನು ಆ ಹುಡುಗಿಯ ಬಾಯಿಂದಲೇ ಹೇಳಿಸಿದರೆ, ಅಂಕ ಸಲ್ಲಬೇಕಾದುದು ಈ ಎರಡು ದಿನಗಳ ನಡುವಣ ಬದಲಾವಣೆಗೆ.

ಒಂದೇ ಅಳತೆಗೋಲು ಎಲ್ಲೆಡೆಯೂ ಸಲ್ಲದು. ಹೊಸದುರ್ಗದ ಹಳ್ಳಿಯೊಂದರ ನಲಿ-ಕಲಿ ತರಗತಿಯಲ್ಲಿ ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕುಳಿತು ಕಾರ್ಡುಗಳೊಡನೆ ಕಲಿಯುತ್ತಿರುವಾಗ, ನಿಂತು ಉಪನ್ಯಾಸ ಮಾಡುವ ಗುರುವನ್ನು ಹುಡುಕುವವರಿಗೆ ಪಾಠವೇ ನಡೆಯಲಿಲ್ಲವೆಂದು ತೋರೀತು. ಹೊಳಲ್ಕೆರೆಯ ತಾಂಡಾದಿಂದ ಬಂದ, ಮನೆಯಲ್ಲಿ ಲಂಬಾಣಿಯನ್ನಾಡುವ ಮಗುವಿಗೆ ಕನ್ನಡದ ಮಾತು ಹೊರಡುವ ತನಕ ತಾಳ್ಮೆಯಿಂದ ಕಾಯುವ ಯುವತಿಯ ಮೌನವೂ ಬೋಧನೆಯೇ. ಅದನ್ನು ಗುರುತಿಸಲು ಆ ಮಗುವನ್ನು ದಿನವೂ ಕಾಣುವ ಶಾಲೆಯ ಶಿಕ್ಷಕರ ಮಾತು ಬೇಕು. ಬಸ್ಸಿಳಿದು ಒಂದು ಗಂಟೆ ಕುಳಿತು ಹೋಗುವವರ ಅಂಕಕ್ಕಿಂತ ಅವರ ಅಭಿಪ್ರಾಯ ಹಗುರವಾಗಬಾರದು.

ಹೀಗೆ ಮೇಲ್ವಿಚಾರಣೆಯೆಂಬುದು ತಪ್ಪು ಹುಡುಕುವ ಕೆಲಸವಲ್ಲ, ಹೊಗಳಿ ಕಳುಹಿಸುವ ಉಪಚಾರವೂ ಅಲ್ಲ. ಇಂದು ಕೊಡುವ ಉದಾರ ಅಂಕಕ್ಕೆ ಮುಂದೆ ಮೂವತ್ತು ವರ್ಷ ಬೆಲೆ ತೆರುವವರು ಮಕ್ಕಳು. ಆದ್ದರಿಂದ ಹಿಂದಿನ ಬೆಂಚಿನಲ್ಲಿ ಕುಳಿತವರು ಗುರುವಿನ ಕೈಯನ್ನು ನೋಡಲಿ. ಆದರೆ ಅದಕ್ಕೂ ಮೊದಲು ಪಕ್ಕದಲ್ಲಿ ಕುಳಿತ ಮಗುವಿನ ಮುಖವನ್ನು ನೋಡಲಿ.