ಗಣೆಗೊಂದು ಕ್ಯಾಮೆರಾ

ಶಿರಾ ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಜುಂಜಪ್ಪನ ಹೆಸರೆತ್ತಿದರೆ ಗಣೆಯ ಮಾತೂ ಬರುತ್ತದೆ. ಗಣೆ ಎಂದರೆ ಉದ್ದನೆಯ ಬಿದಿರಿನ ಕೊಳಲು. ದನ ಕಾದ ವೀರ ಜುಂಜಪ್ಪ ಅಡವಿಯಲ್ಲಿ ಊದಿದ್ದು ಇದನ್ನೇ ಎಂಬುದು ಕಾಡುಗೊಲ್ಲರ ನಂಬಿಕೆ. ಕೆಂಗುರಿ ಮಲ್ಲೇಗೌಡ, ಚಿನ್ನಮ್ಮರ ಮಗನಾಗಿ ಅವನು ಹುಟ್ಟಿದ್ದು, ಸೋದರಮಾವಂದಿರು ವಿಷವಿಕ್ಕಿದ್ದು, ಕಳುವರಹಳ್ಳಿಯ ಗುಡ್ಡದಲ್ಲಿ ದೈವವಾಗಿ ನೆಲೆಸಿದ್ದು, ಎಲ್ಲವನ್ನೂ ಗಾಯಕರು ರಾತ್ರಿಯೆಲ್ಲ ಹಾಡುತ್ತಾರೆ. ಕೆಲವು ಸಾಲು ಹಾಡು, ನಡುವೆ ಗಣೆಯ ನಾದ, ಮತ್ತೆ ಹಾಡು.

ಜುಂಜಪ್ಪನ ಕಾವ್ಯವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಚ್ಚು ಹಾಕಿಸಿದೆ. ದೊಡ್ಡ ಕೆಲಸ ಅದು. ಆದರೂ ಪುಟಗಳಲ್ಲಿ ಗಣೆ ಕೇಳಿಸದು. ಹಾಡುವವನು ಎಲ್ಲಿ ಉಸಿರೆಳೆದುಕೊಂಡ, ಯಾವ ಮಾತಿಗೆ ಕೂತವರು ತಲೆದೂಗಿದರು, ಸೊಲ್ಲು ಮುಗಿಯುವ ಮುನ್ನವೇ ನಾದ ಹೇಗೆ ಎದ್ದಿತು, ಇವನ್ನು ಹಿಡಿಯಲು ಸಿನಿಮಾ ಬೇಕು.

ಈ ಸೀಮೆಗೆ ಸಿನಿಮಾ ಹೊಸದಲ್ಲ. ನೆರೆಯ ಚಿತ್ರದುರ್ಗದ ಗಾಯಕ ಭೈರವಿ ವೆಂಕಟಸುಬ್ಬಯ್ಯನನ್ನು ಕುರಿತ ತ.ರಾ.ಸು. ಕಾದಂಬರಿಯನ್ನು ಜಿ.ವಿ. ಅಯ್ಯರ್ 1975ರಲ್ಲಿ ‘ಹಂಸಗೀತೆ’ಯಾಗಿ ತೆರೆಗೆ ತಂದರು. ಅದರ ಗಾಯನಕ್ಕೆ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಶಾಸ್ತ್ರೀಯ ಸಂಗೀತವೇ ಕತೆಯ ಜೀವವಾದ ಅಂಥ ಚಿತ್ರ ಕನ್ನಡದಲ್ಲಿ ಅಪರೂಪ. ಶಿರಾ ತಾಲ್ಲೂಕಿನವರೇ ಆದ ಬರಗೂರು ರಾಮಚಂದ್ರಪ್ಪನವರ ‘ಅಮೃತಮತಿ’ ಚಿತ್ರಕ್ಕೆ ಜನ್ನನ ‘ಯಶೋಧರ ಚರಿತೆ’ ಆಧಾರ. ಆ ಕಾವ್ಯದಲ್ಲಿ ರಾಣಿಯ ಬದುಕಿನ ದಿಕ್ಕು ಬದಲಿಸುವುದೂ ಮಾವುತನ ಹಾಡೇ.

ಆದರೆ ಗಣೆಗೆ ಬೇಕಾದ ದಾರಿ ನನಗೆ ಕಾಣುವುದು ಶಬನಮ್ ವೀರಮಾನಿ ಅವರ ಸಾಕ್ಷ್ಯಚಿತ್ರಗಳಲ್ಲಿ. ಕಬೀರನ ಹಾಡುಗಳ ಬೆನ್ನುಹತ್ತಿದ ಅವರ ‘ಕೋಯಿ ಸುನತಾ ಹೈ’ (2008) ಬೆಳಗಾವಿಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಗಾಯನವನ್ನೂ ಮಾಳ್ವದ ಹಳ್ಳಿಗಾಯಕರ ಕೊರಳನ್ನೂ ಒಂದೇ ಗೌರವದಿಂದ ಕೇಳುತ್ತದೆ. ಒಂದು ಮೇಲು, ಇನ್ನೊಂದು ಕೀಳು ಎಂಬ ಲೆಕ್ಕವೇ ಅಲ್ಲಿಲ್ಲ.

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಹಾಡುಗಾರರನ್ನೂ ಹೀಗೆ ಚಿತ್ರಿಸಬೇಕು. ವೇದಿಕೆಗೆ ಕರೆತಂದು ಐದು ನಿಮಿಷ ಊದಿಸಿದರೆ ಸಾಲದು. ಹಟ್ಟಿಯಲ್ಲೇ, ಹಬ್ಬದ ರಾತ್ರಿಯೇ, ಪೂರ್ತಿ ಕತೆಯನ್ನು ಕತ್ತರಿಸದೆ ದಾಖಲಿಸಬೇಕು. ಹಿನ್ನೆಲೆಗೆ ಬೇರೆ ವಾದ್ಯ ಸೇರಿಸಿ ಗಣೆಯನ್ನು ಮುಚ್ಚಬಾರದು. ಗುಡಿಯ ಯಾವ ಆಚರಣೆ ಚಿತ್ರಿಸಬಹುದು, ಯಾವುದು ಬೇಡ ಎಂಬುದನ್ನು ಹಟ್ಟಿಯ ಹಿರಿಯರೇ ಹೇಳಲಿ. ಹಾಡಿದವರ, ಊದಿದವರ ಹೆಸರು ಚಿತ್ರದಲ್ಲಿರಲಿ, ಒಂದು ಪ್ರತಿ ಆ ಊರಿನ ಶಾಲೆಯಲ್ಲೂ ಇರಲಿ.