ಸ್ಲೈಡ್ ರೂಲೆಂಬ ಗಣಿತಪಟ್ಟಿ

ನಮ್ಮ ಶಾಲೆಯ ಗಣಿತದ ಬೀರುವಿನೊಳಗೆ ಹಳೆಯದೊಂದು ಸ್ಲೈಡ್ ರೂಲು ಇರುವುದು. 1970ರ ದಶಕದಲ್ಲಿ ಕ್ಯಾಲ್ಕುಲೇಟರುಗಳು ಹರಡುವ ತನಕ ಇಂಜಿನಿಯರುಗಳಿಗೆ ಇದೇ ಆಧಾರವಾಗಿದ್ದಿತು. ಬರಿಯ ಮರದ ಪಟ್ಟಿಯು ಗುಣಾಕಾರವನ್ನು ಮಾಡುವುದೆಂತು ಎಂದು ತಾಯ್ತಂದೆಗಳಲ್ಲಿ ಕೆಲವರು ಕೇಳಿದುದರಿಂದ ಇಲ್ಲಿ ಕೊಂಚ ವಿವರಿಸುವೆನು.

ಮೊದಲು ಎರಡು ಸಾಧಾರಣ ಅಡಿಕೋಲುಗಳನ್ನು ತೆಗೆದುಕೊಳ್ಳಿರಿ. ಒಂದರ 2ನೆಯ ಅಂಗುಲಕ್ಕೆ ಇನ್ನೊಂದರ ಸೊನ್ನೆಯನ್ನು ಹೊಂದಿಸಿದರೆ, ಎರಡನೆಯದರ 3ರ ಎದುರಿಗೆ ಮೊದಲನೆಯದರಲ್ಲಿ 5 ಕಾಣುವುದು. ಉದ್ದಕ್ಕೆ ಉದ್ದ ಸೇರಿದರೆ ಸಂಕಲನವಾಯಿತು. ಹಾಗಾದರೆ ಗುಣಾಕಾರವನ್ನೇ ಸಂಕಲನವಾಗಿ ಮಾರ್ಪಡಿಸುವ ಉಪಾಯವೊಂದಿದ್ದರೆ ಸಾಕಲ್ಲವೇ? ಸ್ಕಾಟ್ಲೆಂಡಿನ ಜಾನ್ ನೇಪಿಯರನು 1614ರಲ್ಲಿ ಅದನ್ನು ಪ್ರಕಟಿಸಿದನು, ಅದೇ ಲಾಗರಿತಮ್. 10ನ್ನು ಆಧಾರವಾಗಿಟ್ಟು ಅದನ್ನು ಸುಲಭಗೊಳಿಸಿದವನು ಹೆನ್ರಿ ಬ್ರಿಗ್ಸನು. ಈ ರೀತಿಯಲ್ಲಿ 2ರ ಲಾಗರಿತಮ್ 0.3010, 3ರದು 0.4771. ಕೂಡಿಸಿದರೆ 0.7781, ಇದು 6ರ ಲಾಗರಿತಮ್ ಆಗಿರುವುದು.

ಸ್ಲೈಡ್ ರೂಲಿನ ಗೆರೆಗಳು ಸಂಖ್ಯೆಗಳಂತೆ ಸಮವಾಗಿರದೆ, ಅವುಗಳ ಲಾಗರಿತಮ್ಮಿನ ದೂರದಲ್ಲಿ ಇರುವುವು. 25 ಸೆಂಟಿಮೀಟರಿನ ಪಟ್ಟಿಯಲ್ಲಿ 1 ಎಡತುದಿಗೂ, 2 ಸುಮಾರು ಏಳೂವರೆ ಸೆಂಟಿಮೀಟರಿಗೂ, 10 ಬಲತುದಿಗೂ ಬರುವುವು. 9ರಿಂದ 10ಕ್ಕೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪವೇ ಹೆಚ್ಚು. ಅಲ್ಲಿ ಓದುವುದು ಕಣ್ಣಿಗೆ ಶಿಕ್ಷೆಯೇ ಸರಿ. ಜಾರುಪಟ್ಟಿಯ 1ನ್ನು ಕೆಳಗಿನ 2ರ ಮೇಲಿಟ್ಟರೆ, ಜಾರುಪಟ್ಟಿಯ 3ರ ಕೆಳಗೆ 6 ದೊರೆಯುವುದು. ಭಾಗಾಕಾರಕ್ಕೆ ಇದರ ವಿಲೋಮ: 6ರ ಮೇಲೆ 3ನ್ನಿಟ್ಟು 1ರ ಕೆಳಗೆ ನೋಡಿದರೆ 2. ಮೂರನ್ನು ಆರರಿಂದ ಗುಣಿಸುವಾಗ ಉತ್ತರವು ಪಟ್ಟಿಯಾಚೆ ಹೋಗುವುದು. ಆಗ 1ಕ್ಕೆ ಬದಲಾಗಿ ಬಲತುದಿಯ 10ನ್ನು 3ರ ಮೇಲಿಡಬೇಕು. 6ರ ಕೆಳಗೆ 1.8 ಎಂದಿರುವುದು, ಅದನ್ನು 18 ಎಂದು ಓದತಕ್ಕದ್ದು.

ಹೀಗೆ ಎರಡು ಪಟ್ಟಿಗಳನ್ನು ಜಾರಿಸುವ ಯುಕ್ತಿಯನ್ನು 1620ರ ದಶಕದಲ್ಲಿ ಕಂಡುಹಿಡಿದವರು ಇಂಗ್ಲೆಂಡಿನ ಸಭಾಪಾಲಕರಾದ ವಿಲಿಯಂ ಆಟ್ರೆಡ್ಡರು. 1631ರ ತಮ್ಮ ಗ್ರಂಥದಲ್ಲಿ × ಎಂಬ ಗುಣಾಕಾರದ ಗುರುತನ್ನು ಬಳಸಿದವರೂ ಅವರೇ.

ಹಿಂದೊಮ್ಮೆ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳಿಗೆ, 35 ರೂಪಾಯಿಯಂತೆ 24 ಪುಸ್ತಕಗಳ ಬೆಲೆಯನ್ನು ಈ ಪಟ್ಟಿಯಿಂದ ಕಂಡುಹಿಡಿಯಲು ಹೇಳಿದೆನು. 84 ರೂಪಾಯಿ ಎಂದಳು. ನಾನು ಎಲ್ಲರೆದುರಿಗೆ ಗದರಿದೆನು. ಮನೆಗೆ ಹೋದ ಮೇಲೆ ತಪ್ಪು ನನ್ನದೆಂದು ತಿಳಿಯಿತು. ಪಟ್ಟಿಯು 8.4 ಎಂದಷ್ಟೇ ತೋರಿಸುವುದು. 84ಕ್ಕೂ 840ಕ್ಕೂ ಅದರಲ್ಲಿ ಭೇದವಿಲ್ಲ. ದಶಾಂಶ ಬಿಂದುವಿನ ಸ್ಥಾನವನ್ನು ಲೆಕ್ಕ ಮಾಡುವವಳೇ ನಿಶ್ಚಯಿಸಬೇಕೆಂಬುದನ್ನು ನಾನು ಕಲಿಸಿರಲೇ ಇಲ್ಲ. ಮರುದಿನ ತರಗತಿಯಲ್ಲಿಯೇ ಅದನ್ನು ಒಪ್ಪಿಕೊಂಡೆನು. ಆಕೆಯು ಆ ಲೆಕ್ಕವನ್ನು ಮತ್ತೆ ಮಾಡುವಾಗ, ಪಟ್ಟಿಯನ್ನು ಮುಟ್ಟುವ ಮೊದಲೇ ಪುಸ್ತಕದ ಅಂಚಿನಲ್ಲಿ "20 × 40, ಸುಮಾರು 800" ಎಂದು ಬರೆದುಕೊಂಡಳು.